ನನ್ನ ಹಾಡಿಗೆ ಅಪಸ್ವರ ಎಳೆದವನು

ಈ ಜನ್ಮದಲ್ಲಿ ಒಂದು ಸಲವಾದರೂ ನನ್ನ ಹೆಂಡತಿಯ ಎದುರು ಒಂದು ಹಾಡನ್ನು ಪೂರ್ತಿ ಹಾಡಿಯೇ ತೀರುತ್ತೇನೆ ಎಂದು ಕತ್ತರಿ ಮುಟ್ಟಿ ಪ್ರತಿಜ್ಞೆ ಮಾಡಿದೆ. ನಾನು ದರ್ಜಿ, ನನಗೆ ಕತ್ತರಿಗಿಂತ ದೊಡ್ಡ ಸಾಕ್ಷಿ ಬೇರೆ ಬೇಕಿಲ್ಲ. ಅವಳೋ, ಶಾಲೆಯಲ್ಲಿ ಸಂಗೀತದ ಟೀಚರ್. ನಾನು ಪಲ್ಲವಿಯ ಎರಡನೇ ಸಾಲಿಗೆ ಬರುವಷ್ಟರಲ್ಲಿ ಎದ್ದು ಹೋಗಿ ಮಿಕ್ಸಿ ಹಾಕುತ್ತಾಳೆ. ಜಾರಿನೊಳಗೆ ರುಬ್ಬಲು ಏನಾದರೂ ಇರಲೇಬೇಕೆಂದಿಲ್ಲ.

“ಶ್ರುತಿ ಅಂತ ಒಂದಿದೆ ರೀ,” ಅನ್ನುತ್ತಾಳೆ.

“ಶ್ರುತಿ ಕಟ್ಕೊಂಡು ಏನಾಗ್ಬೇಕು? ಭಾವ ಮುಖ್ಯ ಕಣೇ.”

“ಹಾಗಾದ್ರೆ ನಾಳೆಯಿಂದ ಟೇಪು ಬಿಸಾಕಿ, ಭಾವದಿಂದಲೇ ಪ್ಯಾಂಟ್ ಹೊಲೀರಿ.”

ಇಂಥವಳ ನಿವೃತ್ತಿ ಬಂತು. ಶಾಲೆಯಲ್ಲಿ ಬೀಳ್ಕೊಡುಗೆ ಸಮಾರಂಭ. ವೇದಿಕೆಯ ನಡುವೆ ಅವಳ ಕುರ್ಚಿ, ಎದುರಿಗೆ ಇಡೀ ಶಾಲೆ. ಎದ್ದು ಹೋಗುವ ಹಾಗಿಲ್ಲ, ಮಿಕ್ಸಿಯಂತೂ ಇಲ್ಲವೇ ಇಲ್ಲ. ಅವಳು ಮಕ್ಕಳಿಗೆ ಕಲಿಸುತ್ತಿದ್ದ ಹಾಡನ್ನೇ ಅಲ್ಲಿ ಹಾಡುವುದೆಂದು ಬೇರೆ ಯಾರಿಗೂ ಹೇಳದೆ ಹೆಡ್‌ಮಾಸ್ತರರನ್ನು ಒಪ್ಪಿಸಿದೆ. ವೇದಿಕೆ ಹತ್ತಿದರೆ ನನಗೆ ಸಾಲು ಮರೆತುಹೋಗುತ್ತದಾದ್ದರಿಂದ ಮೊದಲೇ ರೆಕಾರ್ಡ್ ಮಾಡಿಸಿಡುವ ಬುದ್ಧಿವಂತಿಕೆಯನ್ನೂ ತೋರಿಸಿದೆ.

ಹಿಂದಿನ ಬೀದಿಯ ರೆಕಾರ್ಡಿಂಗ್‌ನವರು ನನ್ನ ಗಿರಾಕಿ. ಅವರ ಪುಟ್ಟ ಕೋಣೆಯಲ್ಲಿ ಎದೆ ತುಂಬಿ ಹಾಡಿ ಹೊರಬಂದೆ. ಅವರು ಕಿವಿಗೆ ಹಾಕಿದ್ದ ಹೆಡ್‌ಫೋನನ್ನು ಮೆಲ್ಲನೆ ತೆಗೆದು, ಕಿವಿ ಉಜ್ಜಿಕೊಂಡರು.

“ಸಾರ್, ಕಂಪ್ಯೂಟರಲ್ಲಿ ಅಲ್ಲಲ್ಲಿ ಒಂಚೂರು ಸರಿ ಮಾಡ್ಲಾ?”

“ಒಂದೇ ಒಂದು ಸ್ವರ ಮುಟ್ಟಿದ್ರೂ ನಿಮ್ಮ ಮುಂದಿನ ಪ್ಯಾಂಟಿಗೆ ಜಿಪ್ ಇಡಲ್ಲ ನೋಡಿ.”

ಮರುದಿನ ಹೋಗಿ ಕೇಳಿದರೆ, ಆಹಾ! ಜೇನು! ಇಷ್ಟು ವರ್ಷ ಕೆಟ್ಟಿದ್ದು ನನ್ನ ಕಂಠವಲ್ಲ, ಟೀಚರಮ್ಮನ ಕಿವಿ ಎಂದು ಅಲ್ಲೇ ತೀರ್ಮಾನವಾಯಿತು. ಇಂಥ ಕಂಠವಿಟ್ಟುಕೊಂಡು ಯಂತ್ರದ ಹಿಂದೆ ಅಡಗುವುದೇ? ರೆಕಾರ್ಡೂ ಹಾಡಲಿ, ಜೊತೆಗೆ ನಾನೂ ಹಾಡುತ್ತೇನೆ, ಸಭೆಗೆ ಡಬಲ್ ಸಂತೋಷ.

ಸಮಾರಂಭದ ದಿನ ರೆಕಾರ್ಡ್ ಹಾಕಲು ರೆಕಾರ್ಡಿಂಗ್‌ನವರೇ ಬಂದಿದ್ದರು. ಯಾಕೋ ಬೆವರುತ್ತಿದ್ದರು.

“ಸುಮ್ನೆ ತುಟಿ ಆಡ್ಸಿ ಸಾರ್, ಸಾಕು.”

“ನಾನೇನು ಮೀನೇನ್ರೀ?” ಎಂದು ಮೈಕು ಹಿಡಿದೆ.

ಹಾಡು ಶುರುವಾಯಿತು. ಹೆಂಡತಿ ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡಳು. ಎರಡು ಸಾಲು ಆಗಿರಬೇಕು, ಯಾರೋ ಕಿಡಿಗೇಡಿ ನನ್ನ ಮಧುರ ಧ್ವನಿಯ ಜೊತೆ ಕರ್ಕಶವಾಗಿ ರಾಗ ಎಳೆಯುತ್ತಿರುವುದು ಕೇಳಿಸಿತು. ಯಾರೆಂದು ಹುಡುಕಲು ನಾನು ನಿಲ್ಲಿಸಿದೆ. ಖದೀಮ, ಅವನೂ ನಿಲ್ಲಿಸಿದ! ನಾನು ಮತ್ತೆ ಶುರು ಮಾಡಿದರೆ ಅವನೂ ಮತ್ತೆ ಶುರು. ನನ್ನ ಪಿತ್ತ ನೆತ್ತಿಗೇರಿತು.

“ಯಾರ್ರೀ ಅದು ಅಪಸ್ವರ ಎಳೀತಿರೋದು? ಮರ್ಯಾದೆಯಾಗಿ ಎದ್ದು ಹೊರಗೆ ಹೋಗಿ,” ಎಂದು ಮೈಕಿನಲ್ಲೇ ಗುಡುಗಿದೆ.

ಯಾರೂ ಏಳಲಿಲ್ಲ. ನಾನು ಮುಂದಿನ ಸಾಲಿನಲ್ಲಿದ್ದ ವಿಜ್ಞಾನದ ಮೇಷ್ಟರನ್ನು ದುರುಗುಟ್ಟಿ ನೋಡಿದೆ. ಅವರು ಕೈಮುಗಿದರು.

“ನಾನಲ್ಲ ಸಾರ್. ನಂಗೆ ಎರಡು ದಿನದಿಂದ ಗಂಟಲೇ ಕಟ್ಟಿದೆ.”

“ಆ ರೆಕಾರ್ಡ್ ನಿಲ್ಸಿ,” ಎಂದೆ. “ನಾನೊಬ್ಬನೇ ಹಾಡ್ತೀನಿ. ಕಳ್ಳ ತಾನಾಗೇ ಸಿಕ್ಕಿಬೀಳ್ತಾನೆ.”

ರೆಕಾರ್ಡ್ ನಿಂತಿತು. ನಾನು ಹಾಡಿದೆ. ಕಳ್ಳ ಸಿಕ್ಕಿಬಿದ್ದ.

ರೆಕಾರ್ಡಿಂಗ್‌ನವರು ಬಗ್ಗಿಕೊಂಡು ಪಕ್ಕಕ್ಕೆ ಬಂದರು. “ಕ್ಷಮಿಸಿ ಸಾರ್, ಪೂರ್ತಿ ಸರಿ ಮಾಡಿದ್ದೆ. ಹೋದ್ಸಲ ನೀವು ನಂಗೆ ಗೊತ್ತಾಗದ ಹಾಗೆ ಪ್ಯಾಂಟಿನ ಸೊಂಟ ಬಿಚ್ಚಿ ಸಡಿಲ ಮಾಡಿ, ‘ಸಣ್ಣಗಾಗಿದ್ದೀರಿ’ ಅಂದ್ರಲ್ಲ? ಒಂದು ವಾರ ಅದೇ ಖುಷೀಲಿದ್ದೆ. ನಿಮಗೂ ಆ ಖುಷಿ ಸಿಗ್ಲಿ ಅಂತ...”

ನನ್ನ ಕಸುಬಿನ ಗುಟ್ಟನ್ನೇ ನನ್ನ ಮೇಲೆ ಪ್ರಯೋಗಿಸಿದ್ದ ಪುಣ್ಯಾತ್ಮ! ಬೇರೆಯವನಾಗಿದ್ದರೆ ಇಳಿದು ಓಡುತ್ತಿದ್ದ. ನಾನು ಓಡಲಿಲ್ಲ. ಶ್ರುತಿ ಬಂದರೆ ಬರಲಿ, ಬಿಟ್ಟರೆ ಬಿಡಲಿ ಎಂದು ಗಟ್ಟಿಯಾಗಿ ನಿಂತು ಕೊನೆಯ ಚರಣದವರೆಗೂ ಹಾಡಿದೆ. ಹೆಂಡತಿ ಎದ್ದು ಹೋಗಲಿಲ್ಲ, ಹೋಗಲು ದಾರಿಯೂ ಇರಲಿಲ್ಲ. ಮುಗಿದಾಗ ಮಕ್ಕಳು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಹಾಡಿದ್ದಕ್ಕೋ, ಮುಗಿಸಿದ್ದಕ್ಕೋ ನಾನು ವಿಚಾರಿಸಲು ಹೋಗಲಿಲ್ಲ. ಪ್ರತಿಜ್ಞೆ ನೆರವೇರಿತ್ತು.

ಮನೆಗೆ ಬಂದಮೇಲೆ ಬೈಗುಳಕ್ಕೆ ಸಿದ್ಧನಾಗಿ ಕೂತೆ. ಅವಳು ಬೈಯಲಿಲ್ಲ.

“ಆ ರೆಕಾರ್ಡ್ ನಿಮ್ಮ ಫೋನಲ್ಲಿದ್ರೆ ಹಾಕಿ,” ಅಂದಳು.

ಹಾಕಿದೆ. ಕಣ್ಣು ಮುಚ್ಚಿ, ಬೆರಳಲ್ಲಿ ತಾಳ ಹಾಕುತ್ತಾ ಪೂರ್ತಿ ಕೇಳಿದಳು. “ಇನ್ನೊಂದ್ಸಲ ಹಾಕಿ,” ಅಂದಳು. ಅವಳ ರೆಪ್ಪೆ ಒದ್ದೆಯಾಗಿತ್ತು. ನನ್ನ ಎದೆ ಉಬ್ಬಿಹೋಯಿತು.

“ಎಷ್ಟಾದ್ರೂ ಅದು ನನ್ನ ಧ್ವನಿಯೇ ಕಣೇ,” ಎಂದೆ.

“ಹೂಂ, ಗೊತ್ತು.”

ಇಷ್ಟು ಸಿಕ್ಕಮೇಲೆ ಸುಮ್ಮನಿರಲು ನಾನೇನು ಕಲ್ಲೇ? ಪಕ್ಕದಲ್ಲೇ ಕೂತು, ಮೆಲ್ಲಗೆ, ಅತಿ ಮೆಲ್ಲಗೆ ದನಿಗೂಡಿಸಿದೆ. ಅವಳು ಕಣ್ಣು ಬಿಡದೆ ನನ್ನ ಬಾಯಿಗೆ ಅಂಗೈ ಅಡ್ಡ ಹಿಡಿದಳು.

“ಶ್... ಸ್ವಲ್ಪ ಸುಮ್ನಿರಿ. ನಮ್ಮ ಯಜಮಾನ್ರು ಹಾಡ್ತಿದ್ದಾರೆ.”