ಮಡಿವಾಳೆಪ್ಪನ ಅರವತ್ತು ಕಿಲೋ

ಯಾಕೂಬಸಾಬನ ಮಾತು ಸುಳ್ಳೆಂದು ಸಾಧಿಸುವ ತನಕ ಪಂಚಮಿಯ ಉಂಡಿಯನ್ನು ಮುಟ್ಟುವುದಿಲ್ಲ! ೧೯೭೪ರ ಶ್ರಾವಣದಲ್ಲಿ ಮೊರಬದ ಲಾರಿ ಡ್ರೈವರ್ ಮಡಿವಾಳೆಪ್ಪ ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿದ. ಕೇಳಿಸಿಕೊಂಡವರು ಹೆಂಡತಿ ರೇವವ್ವ ಮತ್ತು ಅವಳ ಮುಂದೆ ಒಲೆಯ ಮೇಲಿದ್ದ ಎಳ್ಳು. ಚಟಪಟ ಅಂದದ್ದು ಎಳ್ಳು ಮಾತ್ರ.

ಅವನ ಲಾರಿ ಹತ್ತಿ ಗಿರಣಿಯದು. ಗಿರಣಿಗೆ ಬರುವ ಮುಂಚೆ ಮಿಲಿಟರಿಯದು. ಅದರ ಹೆಚ್ಚುಗಾರಿಕೆಯೆಲ್ಲ ಹಿಂದಿನ ಗಾಲಿಗಳ ನಡುವಿನ ಡಿಫರೆನ್ಷಿಯಲ್ಲಿನಲ್ಲಿತ್ತು. ಬೇರೆ ಲಾರಿಗಳ ಒಂದು ಗಾಲಿ ಕೆಸರಿನಲ್ಲಿ ಜಾರಿದರೆ ಅದೊಂದೇ ಗಿರಗಿರ ತಿರುಗುತ್ತದೆ. ಜೊತೆಯದು ನಿಂತು ನೋಡುತ್ತದೆ. ಇದರೊಳಗಿನ ಪ್ಲೇಟುಗಳು ಹಾಗೆ ಬಿಡುವುದಿಲ್ಲ. ಜೋಡೆತ್ತಿನಲ್ಲಿ ಒಂದು ಮಲಗಿದರೆ ಇನ್ನೊಂದನ್ನು ಎಳೆಯಲು ಹಚ್ಚಿದಂತೆ, ನಿಂತ ಗಾಲಿಯನ್ನೂ ತಿರುಗಿಸುತ್ತವೆ. ಎರೆ ಮಣ್ಣಿನ ಸೀಮೆಯಲ್ಲಿ ಇಂಥ ಲಾರಿಯ ಡ್ರೈವರನಿಗೆ ಮಠದ ಸ್ವಾಮಿಗಳ ನಂತರದ ಸ್ಥಾನ! ಹಾಗೆಂದು ಮಡಿವಾಳೆಪ್ಪನೇ ಹೇಳುತ್ತಿದ್ದ.

ಅಂಥ ಲಾರಿಯಲ್ಲಿ ರಿಪೇರಿಯ ಮೇಸ್ತ್ರಿ ಯಾಕೂಬಸಾಬ ಕುಂದು ಹುಡುಕಿಬಿಟ್ಟ.

"ತಿರುವಿನ್ಯಾಗ ಹಿಂದ ಕಟಕಟ ಅಂತೈತ್ರಿ ಡ್ರೈವರ್ ಸಾಹೇಬ್ರ. ಪ್ಲೇಟ ಸವದಾವು. ಬಿಚ್ಚೂಣು."

"ಸವದಿದ್ದು ನಿನ್ನ ಕಿವಿ!"

"ಹಂಗಾರ ಪರೀಕ್ಷಾ ಮಾಡೂಣ್ರಿ. ಒಂದ ಗಾಲಿ ಜಾಕ್ ಮ್ಯಾಲ ಎತ್ತಿ, ಗೇರ್ ಬಿಟ್ಟು, ಗಾಲಿಗೆ ಕಬ್ಬಿಣದ ಹಾರಿ ಸಿಗಸೂದು. ಹಾರಿ ತುದಿಗೆ ಅರವತ್ತ ಕಿಲೋ ಜೋತಬಿಡೂದು. ಗಾಲಿ ತಡಕೊಂಡ್ರ ಪ್ಲೇಟ ಗಟ್ಟಿ. ತಿರುಗಿದ್ರ ಸವದಾವು. ನಾಳಿ ಗಿರಣಿ ಕಾಟಾದಾಗ ಅರವತ್ತ ಕಿಲೋ ಚೀಲ ತೂಗಿ ತರ್ತೀನಿ."

"ಚೀಲ ಯಾಕಲೇ? ಅರವತ್ತ ಕಿಲೋ ನಿನ್ನ ಮುಂದ ನಿಂತೈತಿ!"

ಯಾಕೂಬಸಾಬ ಅತ್ತಿತ್ತ ನೋಡಿದ. ಮಡಿವಾಳೆಪ್ಪನ ಹಿಂದೆ ಯಾರಾದರೂ ಇದ್ದಾರೇನೋ ಎಂದು ಇಣುಕಿದ.

ಮಡಿವಾಳೆಪ್ಪನಿಗೆ ಸಿಟ್ಟು ನೆತ್ತಿಗೇರಿತು. ಮನೆಯೊಳಗಿನ ಟ್ರಂಕಿನಿಂದ ಕಾಗದ ತಂದು ಮೇಸ್ತ್ರಿಯ ಮೂಗಿಗೆ ಹಿಡಿದ. ನೌಕರಿಗೆ ಸೇರುವಾಗ ತಂದ ಡಾಕ್ಟರ್ ಸರ್ಟಿಫಿಕೇಟು! "ತೂಕ: ೬೦ ಕಿಲೋ." ಕೆಳಗೆ ನೇರಳೆ ಬಣ್ಣದ ದುಂಡನೆ ಶಿಕ್ಕಾ. ಅದನ್ನು ಬರೆದ ದಿನ ದವಾಖಾನೆಯಲ್ಲಿ ತೂಕದ ಯಂತ್ರ ಇರಲಿಲ್ಲ. ಕಂಪೌಂಡರ್ "ಎಷ್ಟ ಬರೀಲಿ?" ಎಂದ. ಸಾಲಿನಲ್ಲಿ ಮುಂದೆ ನಿಂತಿದ್ದ ಪೈಲವಾನನನ್ನು ನೋಡಿ ಮಡಿವಾಳೆಪ್ಪ "ಅರವತ್ತು" ಎಂದ. ಕಾಲಕ್ರಮದಲ್ಲಿ ಅವನಿಗೆ ಪೈಲವಾನ ಮರೆತುಹೋದ, ಶಿಕ್ಕಾ ನೆನಪುಳಿಯಿತು.

ಓಣಿಯ ಜನರೆಲ್ಲ ನೋಡುತ್ತಿದ್ದಂತೆ ಮಡಿವಾಳೆಪ್ಪ ಹಾರಿಯ ತುದಿಗೆ ಬಾವಲಿಯಂತೆ ಜೋತುಬಿದ್ದ. ಗಾಲಿ ಕೂದಲೆಳೆಯಷ್ಟೂ ಅಲುಗಲಿಲ್ಲ!

"ಏನಂತೀ ಈಗ?"

"ಸ್ವಲ್ಪ ಜಗ್ಗರಿ..."

"ನಾ ಜಗ್ಗಿದ್ರ ಲಾರೀನ ಮಗಚಿ ಬೀಳತೈತಿ! ನಡಿ, ನಿನ್ನ ಪಾನಾ ತಗೊಂಡ ನಡಿ!"

ಪಂಚಮಿಯ ದಿನ ಮುಂಜಾನೆ ರೇವವ್ವನ ತಮ್ಮ ಹೊಳೆಪ್ಪ ತಿರ್ಲಾಪುರದಿಂದ ಚಕ್ಕಡಿ ಹೂಡಿಕೊಂಡು ಬಂದ. ಮದುವೆಯಾದ ಮೇಲಿನ ಮೊದಲ ಪಂಚಮಿ. ಅಕ್ಕನನ್ನು ಕರೆದೊಯ್ಯುವುದು ತಮ್ಮನ ಹಕ್ಕು.

"ಲೇ ಹೊಳೆಪ್ಪಾ! ಮಿಲಿಟರಿ ಲಾರಿ ಓಡಸವನ ಹೇಂತಿ ಚಕ್ಕಡ್ಯಾಗ ಕುಂದರ್ತಾಳೇನು? ಮ್ಯಾನೇಜರ್‌ನ ಕೇಳೀನಿ, ಲಾರ್‍ಯಾಗ ಕರಕೊಂಡ ಬರ್ತೀನಿ. ನೀ ಖಾಲಿ ಗಾಡಿ ಹೊಡಕೊಂಡ ಹೋಗು."

"ಏನ್ರಿ," ಎಂದಳು ರೇವವ್ವ, "ಮಧ್ಯಾಹ್ನದೊಳಗ ನಾಗಪ್ಪಗ ಹಾಲ ಎರಿಯೂದೈತಿ. ನಾ ಮುಟ್ಟೂತನಾ ನಮ್ಮವ್ವ ಎರಿಯೂದಿಲ್ಲ, ನೀರೂ ಕುಡಿಯೂದಿಲ್ಲ. ರಾತ್ರೆಲ್ಲಾ ಮಳಿ ಹೊಡದೈತಿ, ಹಾದ್ಯಾಗ ಸಿಕ್ಕೊಂಡ್ರ?"

"ಸಿಕ್ಕೋಳಾಕ ಇದೇನ ಚಕ್ಕಡಿ ಅಂತ ತಿಳಕೊಂಡಿ?"

ಅರ್ಧ ಹಾದಿಯಲ್ಲಿ ಅವರ ಲಾರಿ ಹೊಳೆಪ್ಪನ ಚಕ್ಕಡಿಯನ್ನು ಹಿಂದೆ ಹಾಕಿತು. ಮಡಿವಾಳೆಪ್ಪ ಬೇಕಂತಲೇ ಮೂರು ಸಲ ಹಾರ್ನ್ ಹೊಡೆದ. ಎತ್ತುಗಳು ತಿರುಗಿಯೂ ನೋಡಲಿಲ್ಲ.

ಮುಂದೆ ಹಳ್ಳದ ದಂಡೆಯಲ್ಲಿ ಲಾರಿಯ ಎಡಗಾಲಿ ಕೆಸರಿಗಿಳಿಯಿತು. ಮಡಿವಾಳೆಪ್ಪ ನಸುನಕ್ಕು ಆಕ್ಸಿಲರೇಟರ್ ಒತ್ತಿದ. ಎಡಗಾಲಿ ರಾಟಿಯಂತೆ ತಿರುಗಿ ಕೆಸರನ್ನು ಆಕಾಶಕ್ಕೆ ಚಿಮ್ಮಿಸಿತು. ಗಟ್ಟಿ ನೆಲದ ಮೇಲಿದ್ದ ಬಲಗಾಲಿ ಮಾತ್ರ ಮಾವನ ಮನೆಗೆ ಬಂದ ಅಳಿಯನಂತೆ ಕದಲದೆ ಕೂತಿತ್ತು.

"ಒಂದ ಗಾಲಿ ಅಷ್ಟ ತಿರಗಾಕತ್ತೈತಲ್ರಿ?"

"ಇನ್ನೊಂದು ವಿಚಾರ ಮಾಡಾಕತ್ತೈತಿ! ಸುಮ್ನ ಕುಂದರು!"

ಬಲಗಾಲಿಯ ವಿಚಾರ ಮುಗಿಯುವಷ್ಟರಲ್ಲಿ ಲಾರಿ ಅಚ್ಚಿನ ತನಕ ಹೂತಿತ್ತು. ಹೊತ್ತು ನೆತ್ತಿಗೆ ಬರುತ್ತಿತ್ತು. ರೇವವ್ವ ಕಣ್ಣಲ್ಲಿ ನೀರು ತುಂಬಿಕೊಂಡು ಹಾದಿ ನೋಡಿದಳು. ಗೆಜ್ಜೆ ಸದ್ದು ಕೇಳಿಸಿತು. ಹೊಳೆಪ್ಪ ಹಾರ್ನ್ ಹೊಡೆಯಲಿಲ್ಲ. ಅದೇ ಮಡಿವಾಳೆಪ್ಪನಿಗೆ ಹೆಚ್ಚು ಉರಿಯಿತು.

ಚಕ್ಕಡಿಯ ಹಿಂಭಾಗಕ್ಕೆ ರೇವವ್ವ ತನ್ನ ಟ್ರಂಕು, ಉಂಡಿಯ ಡಬ್ಬಿ ಸಮೇತ ಏರಿದಳು. ಹಿಂಭಾರಕ್ಕೆ ನೊಗ ಎತ್ತುಗಳ ಹೆಗಲು ಬಿಟ್ಟು ಮೇಲೆದ್ದಿತು.

"ಮಾವಾರ, ನೀವು ಮುಂದ ಕುಂದರ್ರಿ, ಭಾರ ಸಮ ಆಗ್ತೈತಿ," ಎಂದು ಹೊಳೆಪ್ಪ ಎತ್ತುಗಳ ಮುಂದೆ ಹೋಗಿ ನೊಗ ಹಿಡಿದು ನಿಂತ. ಮಡಿವಾಳೆಪ್ಪ ಮುಂದೆ ಕೂತ. ನೊಗ ಇಳಿಯಲಿಲ್ಲ.

"ಹತ್ರಿ ಮಾವಾರ, ಹೊತ್ತಾಗಾಕತ್ತೈತಿ."

"ಹತ್ತೀನಲೇ!"

ಹೊಳೆಪ್ಪ ತಿರುಗಿ ನೋಡಿದ. ಹಾದಿಬದಿಯ ದೊಡ್ಡದೊಂದು ಕಲ್ಲನ್ನು ಎತ್ತಿ ತಂದು ಮಡಿವಾಳೆಪ್ಪನ ತೊಡೆಯ ಮೇಲಿಟ್ಟ. ನೊಗ ಇಳಿಯಿತು!

ಹಾಲೆರೆಯುವ ಹೊತ್ತಿಗೆ ರೇವವ್ವ ತವರು ಮುಟ್ಟಿದಳು. ಅತ್ತೆ ನೀಲಕ್ಕ ಅಳಿಯನಿಗೆ ತಾಟು ತುಂಬ ಉಂಡಿ ತಂದಿಟ್ಟಳು.

"ಅವರಿಗೆ ಬ್ಯಾಡಬೇ," ಎಂದು ರೇವವ್ವ ತಾಟು ಎತ್ತಿಕೊಂಡಳು, "ಅವರದು ಪ್ರತಿಜ್ಞಾ ಐತಿ."

ಮೂರು ದಿನಗಳ ಮೇಲೆ, ಗಂಡ ಹೆಂಡತಿ ಮೊರಬಕ್ಕೆ ಮರಳಿದಾಗ, ಟ್ರ್ಯಾಕ್ಟರೊಂದು ಲಾರಿಯನ್ನು ಎಳೆದು ತಂದು ಮಡಿವಾಳೆಪ್ಪನ ಮನೆ ಮುಂದೆ ನಿಲ್ಲಿಸಿತು. ಈ ಸಲ ಯಾಕೂಬಸಾಬ ಗಿರಣಿಯಲ್ಲಿ ತೂಗಿದ ಚೀಲ ತಂದು ಹಾರಿಗೆ ಜೋತುಬಿಟ್ಟ. ಗಾಲಿ ಸರಕ್ಕನೆ ತಿರುಗಿ ಚೀಲವನ್ನು ನೆಲದ ಮೇಲೆ ಕೂರಿಸಿತು.

"ಮೋಸ! ನಾನೂ ಅರವತ್ತ, ಚೀಲಾನೂ ಅರವತ್ತ. ನನಗ ತಿರಗದ್ದು ಚೀಲಕ್ಕ ಹ್ಯಾಂಗ ತಿರಗತೈತಿ?"

ಮಡಿವಾಳೆಪ್ಪ ಕೆಂಡಾಮಂಡಲವಾಗಿ ಗಿರಣಿಗೆ ನಡೆದ. ಕಾಟಾದ ಮೇಲೆ ಚಪ್ಪಲಿ ಸಮೇತ ನಿಂತ. ನಲವತ್ತಾರು!

"ಕಾಟಾನೂ ಸವದೈತಿ!" ಎಂದು ಕೂಗಿದ. ಕಾಟಾದವನು ಬಾಗಿಲು ತೋರಿಸಿದ.

ತಿರುಗಿ ಬರುವಷ್ಟರಲ್ಲಿ ಯಾಕೂಬಸಾಬ ಡಿಫರೆನ್ಷಿಯಲ್ ಬಿಚ್ಚಿ, ಹಪ್ಪಳದಂತೆ ತೆಳ್ಳಗಾಗಿದ್ದ ಪ್ಲೇಟುಗಳನ್ನು ರೇವವ್ವನ ಅಂಗಳದಲ್ಲಿ ಸಾಲಾಗಿ ಹರವಿದ್ದ. ಹುಬ್ಬಳ್ಳಿಯಿಂದ ಹೊಸವು ಬಂದವು. ಎಲ್ಲ ಜೋಡಿಸಿ, ಹೊಸ ಎಣ್ಣೆ ಹಾಕಿ, ಗಾಲಿಗೆ ಹಾರಿ ಸಿಗಿಸಿ ಯಾಕೂಬಸಾಬ ತಲೆ ಕೆರೆದುಕೊಂಡ.

"ಚೀಲ ಗಿರಣಿಯವ್ರು ಒಯ್ದ್ರಲ್ರಿ. ಈಗ ಅರವತ್ತ ಕಿಲೋ ಎಲ್ಲಿಂದ ತರೂದು?"

ರೂಢಿಬಲದಿಂದ ಮಡಿವಾಳೆಪ್ಪ ಎರಡು ಹೆಜ್ಜೆ ಮುಂದೆ ಬಂದ.

ರೇವವ್ವ ಒಳಗೆ ಹೋದಳು. ಟ್ರಂಕು ತೆರೆದ ಸದ್ದಾಯಿತು. ನೇರಳೆ ಶಿಕ್ಕಾದ ಕಾಗದವನ್ನು ಹೊರತಂದು ಮೇಸ್ತ್ರಿಯ ಕೈಗೆ ಕೊಟ್ಟಳು.

"ಇವರನ್ನ ಬಿಡ್ರಿ ಸಾಬರ, ಇದನ್ನ ಜೋತಹಾಕ್ರಿ. ಅರವತ್ತ ಕಿಲೋ ಇರೂದು ಇದರಾಗ!"