ದಿನದ ವಿಶೇಷ ಮತ್ತು ನಮ್ಮ ಮಾವ

ತಾರೀಕುಗಳಿಗೂ ನನಗೂ ಆಗಿಬರೋದಿಲ್ಲ. ಆದರೆ ಹೊಟ್ಟೆಪಾಡು ಅವುಗಳ ಜೊತೆಗೇ. ದೇವನಹಳ್ಳಿ ಹತ್ತಿರದ ವಿಜಯಪುರದಿಂದ ಸ್ವಲ್ಪ ಆಚೆಗಿರುವ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಮೇಡಂ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ನಾಡಗೀತೆ ಮುಗಿದ ಮೇಲೆ 'ದಿನದ ವಿಶೇಷ' ಅಂತ ಒಂದು ಇರುತ್ತೆ. ಹಿಂದೆ ಇದೇ ತಾರೀಕಿನಂದು ಜಗತ್ತಿನಲ್ಲಿ ಏನೇನು ನಡೆಯಿತು ಅಂತ ಒಂದು ಮಗು ಓದಬೇಕು. ಅದಾದ ಮೇಲೆ ಇವತ್ತು ಹುಟ್ಟಿದ ಹಬ್ಬ ಯಾರದು ಅಂತ ಕೇಳಿ, ಕೈ ಎತ್ತಿದವರಿಗೆ ಎಲ್ಲರೂ ಚಪ್ಪಾಳೆ ತಟ್ಟಬೇಕು. ಎರಡೂ ನನ್ನ ತಲೆಗೇ ಕಟ್ಟಿದ್ದಾರೆ. ಐದು ನಿಮಿಷದ ಕೆಲಸ ತಾನೇ ಅಂತ ಒಪ್ಪಿಕೊಂಡೆ. ಆ ಐದು ನಿಮಿಷದಿಂದ ಎದ್ದ ರಾಮಾಯಣ ಇನ್ನೂ ಮುಗಿದಿಲ್ಲ.

ಮನೆಯಲ್ಲಿ ನಮ್ಮ ಮಾವ ಇದ್ದಾರೆ, ಯಜಮಾನರ ತಂದೆ. ವಿಜಯಪುರದಲ್ಲಿ ರೇಷ್ಮೆ ಹುರಿ ಮಾಡುವ ಮಷೀನು ಇಟ್ಟುಕೊಂಡು, ಹುರಿ ಮಾಡಿದ ನೂಲನ್ನು ಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಬೆಂಗಳೂರಿಗೆ ಕೊಟ್ಟು ಬರುತ್ತಿದ್ದವರು. ಮಷೀನು ನಿಂತು ಎಷ್ಟೋ ಕಾಲವಾಯಿತು. ಬೆಳಿಗ್ಗೆ ಕಾಫಿ ಕುಡಿಯುವಾಗ ಅವತ್ತಿನ ವಿಶೇಷವನ್ನು ಮೊದಲು ಅವರಿಗೆ ಓದಿ ಹೇಳೋದು ನನ್ನ ಅಭ್ಯಾಸ. ಅವರು 'ಹೂಂ' ಅಂದರೆ ಮಾತ್ರ ಮಕ್ಕಳಿಗೆ. ಈಗ ಕೆಲವು ವರ್ಷದಿಂದ ಅವರಿಗೆ ಮರೆವು ಹತ್ತಿದೆ. ಅವರನ್ನು ಒಳಗೆ ಕೂರಿಸಿ ಗೇಟಿಗೆ ಬೀಗ ಹಾಕಬೇಕೋ ಬೇಡವೋ ಅನ್ನೋದೇ ನಮ್ಮ ಮನೆಯ ದೊಡ್ಡ ಪ್ರಶ್ನೆಯಾಗಿತ್ತು. ಅದಕ್ಕೂ ದಿನದ ವಿಶೇಷಕ್ಕೂ ಏನು ಸಂಬಂಧ ಅಂತ ಒಂದೊಂದಾಗಿ ಹೇಳ್ತೀನಿ.

ಗೇಟಿನ ಬೋರ್ಡು

ಪ್ರಾರ್ಥನೆಗೆ ತಡವಾಗಿ ಬರುವ ಮಕ್ಕಳೂ ಓದಲಿ ಅಂತ ಗೇಟಿನ ಹತ್ತಿರ ಒಂದು ಕರಿಹಲಗೆ ಇಡಿಸಿದೆ. ಮೇಲೆ ದಪ್ಪ ಅಕ್ಷರದಲ್ಲಿ 'ದಿನದ ವಿಶೇಷ', ಕೆಳಗೆ ಅವತ್ತಿನದು. ನಮ್ಮ ಶಾಲೆ ರಸ್ತೆ ಪಕ್ಕದಲ್ಲೇ ಇದೆ. ಆಗಸ್ಟ್ ಆರರಂದು ಒಬ್ಬ ಬೈಕ್ ನಿಲ್ಲಿಸಿ, ಹೆಲ್ಮೆಟ್ಟೂ ತೆಗೆಯದೆ ಒಳಗೆ ಬಂದ.

"ಮೇಡಂ, ಬೋರ್ಡಲ್ಲಿ ಹಾಕಿದೀರಲ್ಲ, ಅದು ಇದೆಯಾ, ಖಾಲಿ ಆಯ್ತಾ?"

"ಯಾವುದಪ್ಪಾ?"

"ಹಿರೋಷಿಮಾ. ಚೈನೀಸ್ ಐಟಂ ತಾನೇ?"

ನನಗೆ ಸಿಟ್ಟು ನೆತ್ತಿಗೇರಿತು. ನಿಂತ ಕಾಲಲ್ಲೇ ಅವನಿಗೆ ಪಾಠ ಮಾಡಿದೆ. ಅವತ್ತು ಬೆಳಿಗ್ಗೆ ಒಂದು ಬಾಂಬು ಬಿದ್ದದ್ದು, ಒಂದು ಊರಿಗೆ ಊರೇ ಬೂದಿಯಾದದ್ದು, ಶಾಲೆಗೆ ಹೊರಟ ಮಕ್ಕಳು ಶಾಲೆ ಮುಟ್ಟದೇ ಹೋದದ್ದು, ಎಲ್ಲ ಹೇಳಿದೆ. ಅವನು ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡ. ತಲೆ ತಗ್ಗಿಸಿದ. ಪರವಾಗಿಲ್ಲ, ಹುಡುಗ ಒಳ್ಳೆಯವನು ಅನ್ನಿಸಿತು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಹಾಗಾದ್ರೆ ಇಲ್ಲಿ ಇಡ್ಲಿ ಎಲ್ಲಿ ಸಿಗುತ್ತೆ ಮೇಡಂ?" ಅಂದ.

ಮನೆಗೆ ಬಂದು ಮಾವನಿಗೆ ಹೇಳಿದೆ. ಅವರು ನಗಲಿಲ್ಲ. "ಹಸ್ಕೊಂಡು ಬಂದೋನಿಗೆ ಅಷ್ಟೆಲ್ಲ ಹೇಳಬಾರದಾಗಿತ್ತು ಕಣಮ್ಮ," ಅಂದರು.

ಚಂದ್ರನ ಮೇಲೆ ಯಾವತ್ತು

ಜುಲೈ ಇಪ್ಪತ್ತು. ಎಂಟನೇ ಕ್ಲಾಸಿನ ಹುಡುಗಿ ಗಂಟಲು ಸರಿಮಾಡಿಕೊಂಡು, "ಮನುಷ್ಯನು ಚಂದ್ರನ ಮೇಲೆ ಮೊದಲು ಕಾಲಿಟ್ಟ ದಿನ," ಅಂತ ಓದಿದಳು. ಸಾಲಿನಿಂದ ಒಂಬತ್ತನೇ ಕ್ಲಾಸಿನ ಇನ್ನೊಬ್ಬಳು ಕೈ ಎತ್ತಿದಳು. "ಮಿಸ್, ಅದು ಅಮೆರಿಕದ ಲೆಕ್ಕ. ಅವರಿಗೆ ಇಪ್ಪತ್ತನೇ ತಾರೀಕು ರಾತ್ರಿ ಆಗಿದ್ದಾಗ ನಮಗೆ ಇಪ್ಪತ್ತೊಂದು ಬೆಳಿಗ್ಗೆ ಆಗಿತ್ತು. ನಾವ್ಯಾಕೆ ಅವರ ತಾರೀಕು ಓದ್ಬೇಕು?"

ಮಾತು ಸರಿಯಾಗೇ ಇತ್ತು, ಅದೇ ಕಷ್ಟ. ಎರಡು ಕ್ಲಾಸಿನವರೂ ಎರಡು ಪಂಗಡವಾದರು. ಹೆಡ್ ಮಾಸ್ಟರು ಮುಂದೆ ಬಂದು ಎರಡೂ ಕೈ ಎತ್ತಿ ಸಮಾಧಾನ ಮಾಡಿದರು. "ಗಲಾಟೆ ಬೇಡ. ಇವತ್ತು ಹೋಗಿ ಇಳೀಲಿ. ನಾಳೆ ಬೆಳಿಗ್ಗೆ ಪ್ರಾರ್ಥನೆ ಟೈಮಿಗೆ ಕಾಲಿಡ್ಲಿ. ಕ್ಲಾಸಿಗೆ ನಡೀರಿ."

ಮಾವನಿಗೆ ಇದನ್ನು ಹೇಳಿದಾಗ ಅವರ ಮುಖ ಅರಳಿತು. ಆಗ ಅವರಿಗೆ ಹಳೆಯದೆಲ್ಲ ಚೆನ್ನಾಗೇ ನೆನಪಿತ್ತು. "ರೇಡಿಯೋ ಇದ್ದದ್ದು ನೂಲಿನ ಸಾಹುಕಾರರ ಮನೇಲಿ. ಅಲ್ಲಿ ಕೇಳ್ಕೊಂಡು ಓಡಿ ಬಂದು ನಮ್ಮವ್ವನಿಗೆ ಹೇಳ್ದೆ. ಸಾಯಂಕಾಲ ಮೋಡ ಸರಿದು ಅರ್ಧ ಚಂದ್ರ ಕಾಣಿಸ್ದ. ನಮ್ಮವ್ವ ಹಿತ್ತಲಲ್ಲಿ ನಿಂತು ಕಣ್ಣಿಗೆ ಕೈ ಅಡ್ಡ ಇಟ್ಕೊಂಡು ತುಂಬಾ ಹೊತ್ತು ನೋಡಿದ್ಲು. ಆಮೇಲೆ, 'ಯಾರೂ ಕಾಣ್ತಿಲ್ಲ ಕಣ್ಲಾ, ಹೊರಟೋದ್ರೇನೋ' ಅಂದ್ಲು."

ಮೇಷ್ಟ್ರು ಮಾಡಿಸಿದ ಹೆರಿಗೆ

ಒಂದು ವರ್ಷ ಜೂನ್ ಒಂದರ ವಿಶೇಷಕ್ಕೆ ನನಗೆ ಏನೂ ಸಿಗಲಿಲ್ಲ. "ಈ ದಿನ ಹುಟ್ಟಿದ ಗಣ್ಯರು ಯಾರಾದ್ರೂ ಇದ್ರೆ ಮನೇಲಿ ಕೇಳ್ಕೊಂಡು ಬಾ," ಅಂತ ಒಬ್ಬ ಹುಡುಗಿಗೆ ಹೇಳಿದೆ. ಅವಳು ಕೇಳಿಕೊಂಡು ಬಂದು ಮೈಕಿನ ಮುಂದೆ ನಿಂತಳು.

"ಈ ದಿನ ಹುಟ್ಟಿದ ಗಣ್ಯರು. ನಮ್ಮ ತಾತ. ನಮ್ಮ ಅಜ್ಜಿ. ಅಜ್ಜಿಯ ತಮ್ಮ. ಹಾಲಿನ ಡೈರಿ ಸೆಕ್ರೆಟರಿ. ಎದುರುಮನೆಯ ಅಣ್ಣತಮ್ಮಂದಿರು ಇಬ್ಬರು. ನಮ್ಮ ಹೆಡ್ ಮಾಸ್ಟರು."

ಮಕ್ಕಳು ನಕ್ಕರು. ಹೆಡ್ ಮಾಸ್ಟರು ಮಾತ್ರ ಗಂಭೀರವಾಗಿ, "ಹೌದು, ನಂದೂ ಅದೇ," ಅಂದರು. ಹಿಂದಿನ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸೋಕೆ ಕರಕೊಂಡು ಹೋದರೆ ಹುಟ್ಟಿದ ತಾರೀಕು ಮನೆಯವರಿಗೆ ಗೊತ್ತಿರುತ್ತಿರಲಿಲ್ಲ. ಮೇಷ್ಟ್ರು ಮಗುವಿನ ಬಲಗೈಯನ್ನು ತಲೆ ಮೇಲಿಂದ ತರಿಸಿ ಎಡಗಿವಿ ಮುಟ್ಟಿಸೋರು. ಮುಟ್ಟಿದರೆ ವಯಸ್ಸಾಯಿತು ಅಂತ ಅರ್ಥ. ಜೂನ್ ಒಂದು ಅಂತ ಹಾಕಿ ಸೇರಿಸಿಕೊಳ್ಳೋರು. ಮೇ ಮೂವತ್ತೊಂದು ಬಂದರೆ ಸರ್ಕಾರಿ ಕಚೇರಿಗಳಲ್ಲಿ ಒಟ್ಟೊಟ್ಟಿಗೆ ಹಾರ ಹಾಕಿ ಬೀಳ್ಕೊಡೋದು ಇದಕ್ಕೇ.

ನಮ್ಮ ಮಾವನದೂ ಜೂನ್ ಒಂದೇ. "ಊರಿಗೂರಿಗೇ ಒಂದೇ ದಿನ ಹೆರಿಗೆ ಮಾಡಿಸಿದೋರು ಕಣಮ್ಮ ನಮ್ಮ ಮೇಷ್ಟ್ರು," ಅಂದರು.

"ಹಾಗಾದ್ರೆ ನೀವು ನಿಜವಾಗಿ ಹುಟ್ಟಿದ್ದು ಯಾವತ್ತು ಮಾವ?"

"ನಮ್ಮವ್ವ ಅವರೆಕಾಳು ಹಿದುಕ್ತಾ ಕೂತಿದ್ಲಂತೆ. ಹಿದುಕೋದು ಇನ್ನೂ ಮುಗಿದಿರಲಿಲ್ವಂತೆ, ನಾನು ಬಂದ್ಬಿಟ್ಟೆ. ಅವತ್ತು ಸಾರು ಮಾಡಿದ್ದು ಯಾರು ಅಂತ ಇನ್ನೂ ಗೊತ್ತಾಗಿಲ್ಲ."

ನಮ್ಮ ವಿಜಯಪುರ, ಅವರ ವಿಜಯಪುರ

ಆಮೇಲೆ ಮರೆವು ಶುರುವಾಯಿತು. ಕಾಫಿ ಕುಡಿದು ಲೋಟ ಕೆಳಗಿಟ್ಟು, "ಇವತ್ತು ಕಾಫಿ ಇಲ್ವೇನಮ್ಮಾ," ಅನ್ನೋರು. ವಾರ, ತಾರೀಕು ಎರಡೂ ಕೈ ತಪ್ಪಿ ಹೋದವು. ನಾನು ಪಡಸಾಲೆಯಲ್ಲಿ ಒಂದು ಸ್ಲೇಟು ನೇತುಹಾಕಿ, ಇವತ್ತು ಯಾವ ವಾರ, ಯಾವ ತಾರೀಕು, ಏನು ವಿಶೇಷ ಅಂತ ಬರೆದಿಡತೊಡಗಿದೆ. ಅವರು ಅದನ್ನು ಜೋರಾಗಿ ಓದೋರು. ಓದಿ ಮುಗಿಸಿ ಮತ್ತೆ ಮೊದಲಿಂದ ಓದೋರು.

ನವೆಂಬರ್ ಒಂದರಂದು ಸ್ಲೇಟು ತುಂಬಿ ಹೋಗಿತ್ತು. ಕನ್ನಡದ ಸೀಮೆಗಳೆಲ್ಲ ಕೂಡಿ ಒಂದು ರಾಜ್ಯವಾದದ್ದು ಅದೇ ದಿನ. ಮುಂದೆ ಆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟದ್ದೂ ಅದೇ ದಿನ. ಇತ್ತೀಚೆಗೆ ಊರುಗಳ ಹೆಸರು ಬದಲಾಗಿ ಬಿಜಾಪುರ ವಿಜಯಪುರವಾದದ್ದೂ ಅದೇ ದಿನ. ಮಾವ ಕೊನೆಯದನ್ನು ಓದಿ ನಿಂತುಬಿಟ್ಟರು.

"ನಮ್ಮೂರ ಹೆಸರು ಅವರು ತಗೊಂಡ್ರಾ? ನಮ್ಮನ್ನ ಒಂದು ಮಾತು ಕೇಳಿದ್ರಾ?"

"ಇಬ್ಬರಿಗೂ ಇರುತ್ತೆ ಮಾವ."

"ಇಬ್ಬರಿಗೂ ಒಂದೇ ಹೆಸರಿಟ್ರೆ, ಕೂಗಿದಾಗ ಯಾರಮ್ಮ ಓ ಅನ್ನೋದು?"

ನಕ್ಕು ಶಾಲೆಗೆ ಹೋದೆ. ಅದಾದ ಸ್ವಲ್ಪ ದಿನಕ್ಕೆ ಒಂದು ಸಂಜೆ ಬಂದು ನೋಡಿದರೆ ಮಾವ ಇಲ್ಲ. ಗೋಡೆಗೆ ತಗುಲಿಹಾಕಿದ್ದ ಹಳೇ ನೂಲಿನ ಚೀಲವೂ ಇಲ್ಲ. ಬೀದಿ ಬೀದಿ ತಿರುಗಿದೆವು. ಕೊನೆಗೆ ಯಜಮಾನರ ಫೋನಿಗೆ ಒಬ್ಬ ಬಸ್ ಕಂಡಕ್ಟರ್ ಫೋನ್ ಮಾಡಿದರು. ಮಾವನ ಜೇಬಿನಲ್ಲಿ ನಾನು ಇಟ್ಟಿದ್ದ ಚೀಟಿಯಲ್ಲಿ ನಂಬರ್ ಇತ್ತು.

ಆದದ್ದು ಇಷ್ಟು. ಖಾಲಿ ಚೀಲ ತಗೊಂಡು ನೂಲು ಕೊಡೋಕೆ ಅಂತ ಬೆಂಗಳೂರಿಗೆ ಹೋಗಿದ್ದಾರೆ. ವಾಪಸ್ ಬರೋಕೆ ಮೆಜೆಸ್ಟಿಕ್ಕಿನಲ್ಲಿ "ವಿಜಯಪುರದ ಬಸ್ ಯಾವುದಪ್ಪಾ" ಅಂತ ಕೇಳಿದ್ದಾರೆ. ಯಾರೋ ಪುಣ್ಯಾತ್ಮರು ಕೈ ಹಿಡಿದು ಕರಕೊಂಡು ಹೋಗಿ ಬಿಜಾಪುರದ ಬಸ್ಸಿಗೆ ಹತ್ತಿಸಿದ್ದಾರೆ. ಕಂಡಕ್ಟರ್ ಟಿಕೆಟ್ ಕೊಡೋಕೆ ಬಂದು, "ಬೆಳಿಗ್ಗೆ ತಲುಪುತ್ತೆ ತಾತ, ಮಲಕ್ಕೊಳ್ಳಿ," ಅಂದರಂತೆ. ಮಾವ, "ದೇವನಹಳ್ಳಿ ದಾಟಿದ್ರೆ ನಮ್ಮೂರು ಸಿಗುತ್ತೆ. ನೀನು ಬೆಳಿಗ್ಗೆ ತನಕ ನನ್ನನ್ನ ಎಲ್ಲಿ ಸುತ್ತುಸ್ತೀಯಾ?" ಅಂತ ಜಗಳ ತೆಗೆದರಂತೆ. ಆ ಕಂಡಕ್ಟರಿಗೆ ಅನುಮಾನ ಬಂದು ನೆಲಮಂಗಲದಲ್ಲಿ ಇಳಿಸಿ, ಒಂದು ಅಂಗಡಿಯವರ ಹತ್ತಿರ ಕೂರಿಸಿ ಹೋಗಿದ್ದರು. ಅವರ ಹೊಟ್ಟೆ ತಣ್ಣಗಿರಲಿ.

ಯಜಮಾನರು ಹೋಗಿ ಕರಕೊಂಡು ಬಂದರು. ನಾನು ಅಳುತ್ತಾ ನಿಂತಿದ್ದೆ. ಮಾವ ಚಪ್ಪಲಿ ಬಿಡುತ್ತಾ, "ಆ ಬಸ್ಸಲ್ಲಿ ಹಾಸಿಗೆ ಇತ್ತು ಕಣಮ್ಮ. ಹಾಸಿಗೆ ಹಾಕೋವಷ್ಟು ದೂರ ಯಾವಾಗ ಹೋಯ್ತು ನಮ್ಮೂರು?" ಅಂದರು.

ಡಾಕ್ಟರಮ್ಮನ ಪ್ರಶ್ನೆಗಳು

ನಾದಿನಿ ಫೋನ್ ಮಾಡಿ, "ಗೇಟಿಗೆ ಬೀಗ ಹಾಕಿಬಿಡಿ ಅತ್ತಿಗೆ, ಇನ್ನೊಂದು ಸಲ ಹೋದ್ರೆ ಏನು ಗತಿ," ಅಂದಳು. ಅವಳದ್ದೂ ತಪ್ಪಲ್ಲ, ಅಪ್ಪನಿಗೆ ಏನಾಗುತ್ತೋ ಅನ್ನೋ ಭಯ. ಆದರೆ ಜೀವಮಾನವೆಲ್ಲ ಓಡಾಡಿದ ಮನುಷ್ಯ ಗೇಟಿನ ಕಂಬಿ ಹಿಡಿದು ನಿಂತಿರೋದನ್ನು ನೆನೆಸಿಕೊಂಡರೆ ನನಗೆ ಊಟ ಸೇರುತ್ತಿರಲಿಲ್ಲ. ಯಜಮಾನರು, "ಡಾಕ್ಟರು ಏನು ಹೇಳ್ತಾರೋ ಹಾಗೆ ಮಾಡೋಣ," ಅಂದರು.

ದಾರಿಯುದ್ದಕ್ಕೂ ಪರೀಕ್ಷೆಗೆ ಹೊರಟ ಮಗುವಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟೆ. ಇವತ್ತು ಮಂಗಳವಾರ ಮಾವ. ಮಂಗಳವಾರ. ಅವರೂ ಚೆನ್ನಾಗಿ ಒಪ್ಪಿಸುತ್ತಿದ್ದರು. ಪಾಸಾಗ್ತಾರೆ ಅಂತಲೇ ಧೈರ್ಯ ಮಾಡಿಕೊಂಡೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೆತ್ತಗೆ ಮಾತಾಡೋರು. "ತಾತ, ಇವತ್ತು ಯಾವ ವಾರ?"

ಮಾವ ನನ್ನ ಮುಖ ನೋಡಿದರು. ನಾನು ತುಟಿ ಅಲ್ಲಾಡಿಸಿದೆ. ಡಾಕ್ಟರು, "ಮೇಡಂ, ಹೇಳ್ಕೊಡಬೇಡಿ," ಅಂದರು. ಇಷ್ಟು ವರ್ಷ ನಾನು ಮಕ್ಕಳಿಗೆ ಹೇಳಿದ್ದ ಮಾತು.

"ತಾರೀಕು ಎಷ್ಟು ತಾತ?" ಮಾವ ಗೋಡೆ ಕಡೆ ತಿರುಗಿ ಸ್ಲೇಟು ಹುಡುಕಿದರು. "ಹೋಗಲಿ, ಈಗ ಯಾವ ವರ್ಷ?" ಮತ್ತೆ ಗೋಡೆ ನೋಡಿದರು. "ನೀವು ಹುಟ್ಟಿದ್ದು ಯಾವತ್ತು?"

"ಮೇಷ್ಟ್ರು ಹೇಳಿದ್ದಾ, ನಮ್ಮವ್ವ ಹೇಳಿದ್ದಾ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ನನ್ನ ಕಡೆ ಕೈ ತೋರಿಸಿ, "ಇವರು ಯಾರು ತಾತ?" ಅಂದರು.

ಮಾವ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮುಖದಲ್ಲಿ ಮರ್ಯಾದೆ ಬಂತು. "ಇವರು ಮಿಸ್ಸು. ದಿನಾ ಬೆಳಿಗ್ಗೆ ನನಗೆ ಪಾಠ ಹೇಳ್ತಾರೆ." ಹಾಗಂದು ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು, "ಪಾಪ, ಈ ಮಗೀಗೆ ವಾರನೂ ಗೊತ್ತಿಲ್ಲ, ವರ್ಷನೂ ಗೊತ್ತಿಲ್ಲ. ನನ್ನನ್ನೇ ಕೇಳ್ತಾ ಅದೆ. ನೀವು ಸ್ವಲ್ಪ ಹೇಳ್ಕೊಡಿ ಮಿಸ್."

ಡಾಕ್ಟರು ನಗು ತಡೆಯಲಾರದೆ ತಲೆ ತಗ್ಗಿಸಿದರು. ನಾನೂ ನಕ್ಕೆ. ನಗುತ್ತಿರುವಾಗಲೇ ನನಗೆ ತಿಳಿಯಿತು, ಸೊಸೆಯಾಗಿ ಈ ಮನೆಗೆ ಬಂದ ಮೇಲೆ ಮಾವ ನನ್ನನ್ನು 'ನೀವು' ಅಂದದ್ದು ಅದೇ ಮೊದಲು. ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಹೊರಡುವಾಗ ಡಾಕ್ಟರು, "ಒಬ್ಬರನ್ನೇ ಹೊರಗೆ ಬಿಡಬೇಡಿ. ಆದ್ರೆ ಬೀಗ ಹಾಕಿ ಕೂರಿಸೋದೂ ಒಳ್ಳೇದಲ್ಲ. ದಿನಾ ಜನರ ಮಧ್ಯೆ ಇರಲಿ, ಜೊತೆಗೆ ಒಬ್ಬರು ಇರಲಿ," ಅಂದರು. ಹೇಳೋದು ಸುಲಭ. ನಾವಿಬ್ಬರೂ ಕೆಲಸಕ್ಕೆ ಹೋಗೋರು. ಮೆಟ್ಟಿಲು ಇಳಿಯುವಾಗ ಮಾವ, "ಈಗ ಸ್ಕೂಲಿಗಾ ಮಿಸ್?" ಅಂತ ಕೇಳಿದರು.

ನಾನು ಯಜಮಾನರ ಮುಖ ನೋಡಿದೆ. "ಹೂಂ," ಅಂದೆ. "ಸ್ಕೂಲಿಗೇ."

ಮತ್ತೆ ಜೂನ್ ಒಂದು

ಮಾವನನ್ನು ದಿನಾ ಶಾಲೆಗೆ ಕರಕೊಂಡು ಬರಲಾ ಅಂತ ಹೆಡ್ ಮಾಸ್ಟರನ್ನು ಹೆದರುತ್ತಲೇ ಕೇಳಿದೆ. ಅವರು, "ಕೂತಿರಲಿ ಬಿಡಿ ಮೇಡಂ, ಹೊಂಗೆ ಮರದ ನೆರಳು ಇದೆ," ಅಂದುಬಿಟ್ಟರು. ಅಂದಿನಿಂದ ಮಾವ ಸ್ಕೂಟರಿನಲ್ಲಿ ನನ್ನ ಹಿಂದೆ ಕೂತು ಶಾಲೆಗೆ ಬರ್ತಾರೆ. ಪ್ರಾರ್ಥನೆಯಲ್ಲಿ ಕೊನೆಯ ಸಾಲಿನ ಹಿಂದೆ ನೆಟ್ಟಗೆ ನಿಲ್ಲುತ್ತಾರೆ.

ಮೊದಲ ದಿನ ವಿಶೇಷ ಓದಿದ ಮೇಲೆ, "ಇವತ್ತು ಹುಟ್ಟಿದ ಹಬ್ಬ ಯಾರದು?" ಅಂತ ಕೇಳಿದೆ. ಹಿಂದಿನಿಂದ ಮಾವನ ಕೈ ಎದ್ದಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಮಾರನೇ ದಿನ ಕೇಳಿದೆ, ಮತ್ತೆ ಕೈ ಎದ್ದಿತು. ಅದರ ಮಾರನೇ ದಿನವೂ. ನನಗೆ ನಾಚಿಕೆಯಾಗಿ, "ಇನ್ನು ಮೇಲೆ ಆ ಪ್ರಶ್ನೆ ಕೇಳೋದು ಬೇಡ ಸಾರ್," ಅಂದೆ. ಹೆಡ್ ಮಾಸ್ಟರು, "ಚಪ್ಪಾಳೆಗೇನು ಬರ ಬಂದಿದೆಯಾ ಮೇಡಂ? ಕೇಳಿ," ಅಂದರು. ಹೀಗೆ ನಮ್ಮ ಮಾವ ಭಾನುವಾರ, ರಜಾದಿನ ಬಿಟ್ಟು ದಿನವೂ ಹುಟ್ಟತೊಡಗಿದರು. ಮಕ್ಕಳೂ ಬೇಸರವಿಲ್ಲದೆ ತಟ್ಟಿದರು. ಮಾವ ನನ್ನನ್ನು ಮಾತ್ರ ಮಿಸ್ಸು ಅಂತಲೇ ಕರೆಯುತ್ತಿದ್ದರು, ಮನೆಯಲ್ಲೂ. ಅನ್ನ ಬಡಿಸಿದರೆ, "ನಿಮಗ್ಯಾಕೆ ತೊಂದರೆ ಮಿಸ್," ಅನ್ನೋರು.

ಈ ವರ್ಷ ಜೂನ್ ಒಂದು ಬಂತು. ಅವತ್ತಾದರೂ ಅವರ ಕೈ ಸುಳ್ಳಾಗೋದಿಲ್ಲ ಅಂತ ನಾನು ಸ್ವಲ್ಪ ಜೋರಾಗಿಯೇ ಕೇಳಿದೆ, "ಇವತ್ತು ಹುಟ್ಟಿದ ಹಬ್ಬ ಯಾರದು?"

ಹೆಡ್ ಮಾಸ್ಟರು ಕೈ ಎತ್ತಿದರು. ಮಕ್ಕಳೆಲ್ಲ ಚಪ್ಪಾಳೆಗೆ ಕೈ ಸಿದ್ಧ ಮಾಡಿಕೊಂಡು ಹಿಂದಕ್ಕೆ ತಿರುಗಿದರು. ಮಾವನ ಕೈ ಏಳಲಿಲ್ಲ.

ಇದೂ ಹೋಯಿತೇನೋ, ಇನ್ನೇನು ಉಳಿದಿದೆ ಅಂದುಕೊಳ್ಳುತ್ತಾ ಸಾಲು ದಾಟಿ ಅವರ ಹತ್ತಿರ ಹೋದೆ. "ಮಾವ, ಇವತ್ತು ನಿಮ್ಮ ಹುಟ್ಟಿದ ಹಬ್ಬ ಅಲ್ವಾ? ಕೈ ಎತ್ತಲಿಲ್ಲ ಯಾಕೆ?"

ಅವರು ಅತ್ತ ಇತ್ತ ನೋಡಿ, ನನ್ನ ಕಿವಿ ಹತ್ತಿರ ಬಂದು ಹೇಳಿದರು. "ಇವತ್ತು ಊರಿಗೂರೇ ಹುಟ್ಟುತ್ತೆ ಕಣಮ್ಮ. ಬಲೇ ರಶ್ಶು. ನಂದು ನಾಳೆ ಇಟ್ಕೊಳ್ಳೋಣ."

ಕಣಮ್ಮ ಅಂದರು. ಆ ಮಾತು ಕೇಳಿ ಎಷ್ಟು ದಿನವಾಗಿತ್ತೋ. ಅಷ್ಟು ಮಕ್ಕಳ ಮುಂದೆ ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯಲಿಲ್ಲ.

ಮಾರನೇ ದಿನ ನಾನು ಪ್ರಶ್ನೆ ಕೇಳುವುದಕ್ಕೆ ಮೊದಲೇ ಹಿಂದಿನಿಂದ ಕೈ ಎದ್ದಿತು. "ಮಿಸ್ಸು, ನಂದು," ಅಂದರು.