ಅಟ್ಟ ಹತ್ತಿದ ಗಿಟಾರು

ಒದ್ದೆಯಾದರೆ ಮರ ಹಾಳಾಗುತ್ತದೆ. ಗಿಟಾರು ಮರದ್ದು. ಆದ್ದರಿಂದ ಗಿಟಾರನ್ನು ಬೆಚ್ಚಗಿಡಬೇಕು. ಈ ವಾದದಲ್ಲಿ ತಪ್ಪೆಲ್ಲಿದೆ ಹೇಳಿ! ಪುತ್ತೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಬಹುಮಾನಗಳನ್ನು ಬಾಚಿಕೊಂಡ ನನಗಂತೂ ಕಾಣಲಿಲ್ಲ.

ಗಿಟಾರು ನನ್ನನ್ನು ಸಾಕಿದ ಸೋದರಮಾವನದು. ಸುಳ್ಯದಲ್ಲಿ ಬಸ್ ಏಜೆಂಟರಾಗಿ "ಜಾಲ್ಸೂರು, ಕಾಸರಗೋಡು!" ಎಂದು ಕೂಗಿ ಕೂಗಿ ಗಂಟಲು ಕೆಟ್ಟು ಮನೆಯಲ್ಲಿ ಕೂತವರು. ಐವತ್ತು ದಾಟಿದ ಅವರಿಗೆ ಫ್ಲಮೆಂಕೊ ಎಂಬ ಸ್ಪೇನಿನ ಗಿಟಾರು ಸಂಗೀತದ ಹುಚ್ಚು ಹಿಡಿಯಿತು. ಹಿಡಿಸಿದವನು ಅಜ್ಜಾವರದ ಇಬ್ರಾಯಿ, ಹಡಗಿನ ಕೆಲಸದವನು. ಸ್ಪೇನಿನಿಂದ ತಂದ ಗಿಟಾರನ್ನು ನಮ್ಮ ಜಗಲಿಯಲ್ಲಿ ನುಡಿಸಿ ತೋರಿಸಿದ. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಕೇರಂ ಹೊಡೆದಂತೆ ತಂತಿಯ ಮೇಲೆ ಚಿಮ್ಮಿಸಬೇಕು. ನಡುನಡುವೆ ಗಿಟಾರಿನ ಪೆಟ್ಟಿಗೆಗೊಂದು ಪೆಟ್ಟು. ಮಾವ ಕೇರಂನಲ್ಲಿ ಎತ್ತಿದ ಕೈ!

"ಇದು ನಿಮಗೇ ಇರಲಿ ರೈಗಳೇ. ಮುಂದಿನ ರಜೆಗೆ ಬಂದಾಗ ನನಗೆ ಕೇಳಿಸಬೇಕು" ಎಂದು ಗಿಟಾರನ್ನು ಮಾವನ ಕೈಗಿತ್ತು ಇಬ್ರಾಯಿ ಹಡಗು ಹತ್ತಿದ.

ಮಾವ ಬಲಗೈಯ ಉಗುರು ಬೆಳೆಸಿದರು. ಅತ್ತೆ ಅನ್ನ ಬಡಿಸುವಾಗ ಮುಖ ತಿರುಗಿಸತೊಡಗಿದರು. ರಜೆಗೆ ಬಂದ ನಾನು ವಿಷಯವನ್ನು ಕೂಲಂಕಷವಾಗಿ ಖಂಡಿಸಿದೆ.

"ಮಾವಾ, ಈ ಪ್ರಾಯದಲ್ಲಿ ಹೊಸ ವಿದ್ಯೆ ಹತ್ತುದಿಲ್ಲ. ಅದೂ ಅಲ್ಲದೆ, ವಾದ್ಯಕ್ಕೆ ಹೊಡೆಯುದು ಸಂಗೀತವಾ?"

"ಚೆಂಡೆಗೆ ಮುತ್ತು ಕೊಡುತ್ತಾರಾ ಮಾರಾಯ?"

ಮೊದಲ ಸುತ್ತಿನಲ್ಲೇ ಸೋತೆ. ಆದರೂ ಗೋಡೆಯಾಚೆಯಿಂದ ಮಾವನ ಅಭ್ಯಾಸವನ್ನು ದಿನವೂ ಕೇಳಿ ಕೇಳಿ ನನ್ನ ಖಂಡನೆ ಮೆತ್ತಗಾಯಿತು. ಅಷ್ಟರಲ್ಲಿ ಮಳೆ ಹಿಡಿಯಿತು. ಭಾನುವಾರ ಇಬ್ರಾಯಿ ಬರುವವನಿದ್ದ. ತೇವಕ್ಕೆ ಗಿಟಾರಿನ ಸ್ವರ ಕೆಟ್ಟಿತ್ತು. ಮಾವ ತಂತಿ ಮೀಟಿ, "ಇದಕ್ಕೂ ನನ್ನ ಗಂಟಲೇ ಬಂತು" ಎಂದು ಸಪ್ಪಗಾದರು.

ನನ್ನ ತರ್ಕ ಕಾರ್ಯಪ್ರವೃತ್ತವಾಯಿತು. ಮಳೆಗಾಲದಲ್ಲಿ ಬೆಂಕಿಪೆಟ್ಟಿಗೆ, ಹಪ್ಪಳ, ಒಣಮೀನು, ನನ್ನ ಪ್ರಶಸ್ತಿಪತ್ರಗಳು ಎಲ್ಲವೂ ಇರುವುದು ಒಲೆಯ ಮೇಲಿನ ಬಿದಿರ ಅಟ್ಟದಲ್ಲಿ. ಶನಿವಾರ ಮಾವ ಪೇಟೆಗೆ ಹೋದಾಗ ಗಿಟಾರನ್ನೂ ಅಲ್ಲಿಗೇರಿಸಿದೆ.

ಅತ್ತೆ ಸಾರು ಕುದಿಸುತ್ತಿದ್ದರು. ಕಾವಿಗೆ ಅಂಟು ಕರಗಿ, ತಂತಿ ಕಟ್ಟಿದ ಮರದ ಪಟ್ಟಿ ಟಪ್ಪೆಂದು ಕಿತ್ತುಬಂತು. ಬಿದಿರಿನ ಸಂದಿಯಲ್ಲಿ ಇಳಿದು, ತಂತಿಗಳಲ್ಲಿ ನೇತಾಡುತ್ತಾ ಸಾರಿನಲ್ಲಿ ಮುಳುಗಿತು!

"ಎಂತ ಮಾರಾಯ ಇದು! ನಿನ್ನ ತರ್ಕ ನನ್ನ ಸಾರಿಗೆ ಬಿತ್ತಲ್ಲ!"

"ಒದ್ದೆಯಾಗದ ಹಾಗೆ ಇಟ್ಟದ್ದು, ಅತ್ತೆ..."

"ಈಗ ಒದ್ದೆ ಆಗಲಿಲ್ಲವಾ?"

ಮಾವ ಬಂದು ನೋಡಿದರು. ಬಯ್ಯಲಿಲ್ಲ. "ಹಪ್ಪಳಕ್ಕೆ ಎಂತ ಆಗಲಿಲ್ಲವಲ್ಲ?" ಎಂದಷ್ಟೇ ಕೇಳಿ ಉಗುರು ನೋಡಿಕೊಂಡರು. ಬಯ್ದಿದ್ದರೆ ಪ್ರತಿವಾದ ಮಾಡಬಹುದಿತ್ತು!

ಮರುದಿನ ಇಬ್ರಾಯಿ ಬಂದ. ಮಾವ ಗಿಟಾರನ್ನು ಅವನ ಮುಂದಿಟ್ಟರು. ಕಥೆಯನ್ನೆಲ್ಲ ಅತ್ತೆಯೇ ಹೇಳಿದರು, ಸಾರಿನ ಪ್ರಕರಣವನ್ನು ತುಸು ಉದ್ದ ಮಾಡಿ. ಇಬ್ರಾಯಿ ಗಿಟಾರನ್ನು ತಿರುಗಿಸಿ ನೋಡಿದ.

"ಅಂಟು ಬಿಟ್ಟದ್ದು, ಕೂಡಿಸುವ. ಈಗ ಪೆಟ್ಟಿಗೆ ಉಂಟು, ನಿಮ್ಮ ಬೆರಳುಂಟು. ಹೊಡೀರಿ ರೈಗಳೇ!"

ಮಾವ ಬೋಳು ಗಿಟಾರನ್ನು ಮಡಿಲಿಗೆ ಎಳೆದುಕೊಂಡರು. ಮೊದಲು ಅಳುಕಿದ ಬೆರಳುಗಳು ಆಮೇಲೆ ಒಂದರ ಹಿಂದೊಂದು ಚಿಮ್ಮಿದವು. ಉಗುರು ಮರದ ಮೇಲೆ ಕುದುರೆಯಂತೆ ಓಡಿತು. ಇಬ್ರಾಯಿ ಕಣ್ಣು ಮುಚ್ಚಿದ. ಅತ್ತೆ ಸೌಟು ಹಿಡಿದೇ ಜಗಲಿಗೆ ಬಂದರು.

"ಹೇಗುಂಟು?" ಎಂದರು ಮಾವ, ಒಡೆದ ಗಂಟಲಲ್ಲಿ.

"ತಂತಿ ಇಲ್ಲದೆ ಇಷ್ಟು! ಇದ್ದರೆ ಎಂತ ಕಥೆ!" ಎಂದ ಇಬ್ರಾಯಿ ನನ್ನತ್ತ ತಿರುಗಿದ. "ಸ್ಪೇನಿನಲ್ಲಿ ಪಕ್ಕದಲ್ಲಿ ಕೂತವರು ಚಪ್ಪಾಳೆಯಲ್ಲಿ ತಾಳ ಹಿಡಿಯುದುಂಟು. ನೀನು ತಟ್ಟು."

ಪ್ರಾಯಶ್ಚಿತ್ತದ ಅವಕಾಶ! ಉತ್ಸಾಹದಿಂದ ತಟ್ಟಿದೆ. ಮಾವ ನಿಲ್ಲಿಸಿದರು. ಮತ್ತೆ ತಟ್ಟಿದೆ. ಮತ್ತೆ ನಿಲ್ಲಿಸಿದರು.

"ನೀನು ಬೇಡ ಮಾರಾಯ. ತಾಳ ತಪ್ಪುತ್ತದೆ."

ಸಭೆಗಳಿಂದ ಎಷ್ಟೋ ಚಪ್ಪಾಳೆ ಗಿಟ್ಟಿಸಿದವನು ನಾನು. ತಟ್ಟುವುದಕ್ಕೂ ವಿದ್ಯೆ ಬೇಕೆಂದು ಯಾರಿಗೆ ಗೊತ್ತಿತ್ತು! ಕೊನೆಗೆ ಅತ್ತೆ ಕೂತು ತಟ್ಟಿದರು. ಒಂದು ಏಟೂ ತಪ್ಪಲಿಲ್ಲ. ಅವರ ಸೌಟು ನನ್ನ ಕೈಗೆ ಬಂತು.

ಆ ವರ್ಷ ನನಗೆ ಸಿಕ್ಕಿದ ಬಹುಮಾನ ಅದೊಂದೇ!